ನಿಂಬೆ–ಮೂಸಂಬಿ ಸೋಡಾ ಮಾಕ್‌ಟೇಲ್: ಕಹಿಯಾಗದಂತೆ, ಗ್ಯಾಸ್ ಇಳಿಯದಂತೆ ಮನೆಯಲ್ಲಿ ಮಾಡುವ ಕ್ರಮ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಪೇಟೆಯ ಅಂಗಡಿಯಲ್ಲಿ ಕೇಳಿದರೂ ಎರಡು ನಿಮಿಷದಲ್ಲಿ ಸಿಗುವ ಲೈಮ್ ಸೋಡಾವನ್ನು ಮನೆಯಲ್ಲಿ ಸ್ವಲ್ಪ ವಿಶೇಷವಾಗಿ, ಮೂಸಂಬಿಯನ್ನೂ ಶುಂಠಿಯನ್ನೂ ಸೇರಿಸಿ ಮಾಡಹೊರಟವರು ಬಹುತೇಕ ಒಂದೇ ಬಗೆಯಲ್ಲಿ ಸೋಲುತ್ತಾರೆ. ಅತಿಥಿಗಳ ಕೈಗೆ ಲೋಟ ತಲಪುವಷ್ಟರಲ್ಲಿ ರಸ ಕಹಿಯಾಗಿರುತ್ತದೆ, ಸೋಡಾದ ಗ್ಯಾಸ್ ಹೋಗಿರುತ್ತದೆ, ಸಕ್ಕರೆ ತಳದಲ್ಲಿ ಕುಳಿತಿರುತ್ತದೆ. ಆಗ ಹಣ್ಣನ್ನು ದೂರುವುದು, ಮುಂದಿನ ಸಲ ಹೆಚ್ಚು ಬೆಲೆಯ ಸೋಡಾ ತರುವುದು, ಇನ್ನೆರಡು ಚಮಚ ಸಕ್ಕರೆ ಸುರಿಯುವುದು ರೂಢಿ. ಇವುಗಳಲ್ಲಿ ಯಾವುದೂ ಪರಿಹಾರವಲ್ಲ. ಯಾವುದನ್ನು ಯಾವಾಗ ಮಾಡಬೇಕು, ಯಾವುದರ ಮೇಲೆ ಯಾವುದನ್ನು ಸುರಿಯಬೇಕು ಎಂಬ ಕ್ರಮ ತಪ್ಪಿದ್ದರಿಂದಲೇ ಈ ಮೂರೂ ದೋಷಗಳು ಹುಟ್ಟುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಹೇಳಿದ ಸರದಿಯಲ್ಲೇ ಮಾಡಬೇಕೆಂದು ಆರಂಭದಲ್ಲೇ ಒತ್ತಿ ಹೇಳುತ್ತೇನೆ.

ಒಂದು ಲೋಟಕ್ಕೆ ಬೇಕಾದ ಅಳತೆ

300ರಿಂದ 350 ಮಿಲಿಲೀಟರ್ ಹಿಡಿಯುವ ಉದ್ದನೆಯ ಗಾಜಿನ ಲೋಟಕ್ಕೆ ನಿಂಬೆ ರಸ 20 ಮಿ.ಲೀ., ಮೂಸಂಬಿ ರಸ 40 ಮಿ.ಲೀ., ಸಿಪ್ಪೆಯ ಘಮವಿರುವ ತೆಳು ಸಕ್ಕರೆ ಪಾಕ 30 ಮಿ.ಲೀ., ಸಾದಾ ಸೋಡಾ 100 ಮಿ.ಲೀ., ಒಂದು ಚಿಟಿಕೆ ಉಪ್ಪು ಮತ್ತು ಎರಡು ಸಲಕ್ಕಾಗುವಷ್ಟು ಐಸ್ ಬೇಕು. ಶುಂಠಿ ರಸ, ಪುದೀನ, ಕಾಮಕಸ್ತೂರಿ ಬೀಜ ಇವು ಇಷ್ಟವಿದ್ದವರಿಗೆ. ಮೊದಲ ಸಲ ಮಾಡುವವರು ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮೂರನ್ನೂ ಒಟ್ಟಿಗೆ ಹಾಕಿದಾಗ ರುಚಿ ಕೆಟ್ಟರೆ ಕಾರಣ ಯಾವುದೆಂದು ತಿಳಿಯುವುದಿಲ್ಲ.

ಇಲ್ಲಿ ಸೋಡಾ ಎಂದರೆ ಸಿಹಿಯಿಲ್ಲದ, ಬಣ್ಣವಿಲ್ಲದ, ಗ್ಯಾಸ್ ತುಂಬಿದ ನೀರು ಮಾತ್ರ. ನಿಂಬೆಯ ಪರಿಮಳವಿರುವ ಸಿಹಿ ಪಾನೀಯವನ್ನು ಸುರಿದರೆ ಪಾಕದ ಅಳತೆಯೆಲ್ಲ ತಲೆಕೆಳಗಾಗುತ್ತದೆ. ಅಡುಗೆ ಸೋಡಾವನ್ನು ಚಿಟಿಕೆ ಹಾಕಿ ನೊರೆ ಬರಿಸುವ ಅಭ್ಯಾಸವೂ ಕೆಲವೆಡೆ ಇದೆ. ಅದು ನಿಂಬೆಯ ಹುಳಿಯೊಡನೆ ಸೇರಿ ಕ್ಷಣಕಾಲ ಉಕ್ಕುತ್ತದೆ ನಿಜ, ಆದರೆ ಆ ಉಕ್ಕುವಿಕೆಯಲ್ಲಿ ಹುಳಿಯೇ ಖರ್ಚಾಗಿ, ಉಳಿಯುವುದು ಸಪ್ಪೆಯಾದ, ಸವಳು ಸವಳಾದ ನೀರು.

ಬೇಕಾದ ಉಪಕರಣಗಳು

ವಿಶೇಷ ಸಲಕರಣೆಗಳೇನೂ ಬೇಡ. ಮಿಲಿಲೀಟರ್ ಗುರುತಿರುವ ಸಣ್ಣ ಅಳತೆ ಲೋಟ ಬೇಕೇ ಬೇಕು. ಕೆಮ್ಮಿನ ಔಷಧದ ಜೊತೆ ಬರುವ ಅಳತೆಯ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸಿದರೂ ಸಾಕು. ಅಳತೆಯ ದೊಡ್ಡ ಚಮಚ 15 ಮಿ.ಲೀ., ಚಿಕ್ಕ ಚಮಚ 5 ಮಿ.ಲೀ. ಹಿಡಿಯುತ್ತದೆ, ಆದರೆ ಊಟದ ಚಮಚಗಳು ಮನೆಯಿಂದ ಮನೆಗೆ ಬೇರೆಯಾಗಿರುವುದರಿಂದ ಅವುಗಳನ್ನು ನಂಬಬಾರದು. ಸಿಪ್ಪೆ ತೆಗೆಯಲು ಹರಿತವಾದ ಪೀಲರ್, ರಸ ಹಿಂಡಲು ಕೈಯಲ್ಲಿ ಒತ್ತುವ ನಿಂಬೆ ಹಿಂಡುಕ, ಮೂಸಂಬಿಗೆ ಗುಮ್ಮಟದ ಆಕಾರದ ಹಿಂಡುಕ, ಸಣ್ಣ ಕಣ್ಣಿನ ಸೋಸುಕ, ಕುಲುಕಲು ಬಿಗಿ ಮುಚ್ಚಳದ ಸ್ಟೀಲ್ ಬಾಟಲಿ ಅಥವಾ ಡಬ್ಬಿ ಇದ್ದರಾಯಿತು. ಕುಲುಕಲು ಗಾಜಿನ ಭರಣಿಯನ್ನು ಬಳಸಬೇಡಿ. ಐಸ್ ತುಂಡು ಬಡಿದು ಗಾಜು ಸೀಳಬಹುದು.

ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಯಾವ ಹಂತದಲ್ಲೂ ಬಳಸಕೂಡದು. ನಿಂಬೆಯ ಹುಳಿ ಲೋಹವನ್ನು ಕರಗಿಸಿಕೊಳ್ಳುತ್ತದೆ. ರುಚಿ ಕೆಡುವುದಷ್ಟೇ ಅಲ್ಲ, ಅದು ಹೊಟ್ಟೆಗೂ ಒಳ್ಳೆಯದಲ್ಲ. ಕಲಾಯಿ ಸವೆದ ಹಳೆಯ ಚೆಂಬಿನಲ್ಲಿ ಪಾನಕ ಕಲಸುವ ರೂಢಿಯಿರುವ ಮನೆಗಳವರು ಇದನ್ನು ಗಮನಿಸಬೇಕು.

ಸಮಯದ ಲೆಕ್ಕ

ಸಂಜೆ 5 ಗಂಟೆಗೆ ಲೋಟ ಕೊಡಬೇಕೆಂದಾದರೆ ಹಿಂದಿನ ರಾತ್ರಿಯೇ ಐಸ್ ಕಟ್ಟಲು ಇಟ್ಟು, ಸೋಡಾ ಬಾಟಲಿಗಳನ್ನು ಫ್ರಿಜ್ಜಿನೊಳಗೆ ಸೇರಿಸಬೇಕು. ಬೆಳಗ್ಗೆ ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ, ಮಧ್ಯಾಹ್ನದ ಊಟಕ್ಕೆ ಮೊದಲು ಪಾಕ ಮಾಡಿ ತಣಿಯಲು ಬಿಡಬೇಕು. ನಾಲ್ಕಕ್ಕೆ ಕಾಮಕಸ್ತೂರಿ ನೆನೆಹಾಕಿ, ನಾಲ್ಕೂವರೆಗೆ ರಸ ಹಿಂಡಬೇಕು. ಬೆರೆಸುವುದು, ಕುಲುಕುವುದು, ಸೋಡಾ ಸುರಿಯುವುದು ಐದಕ್ಕೆ, ಅತಿಥಿಗಳು ಜಗಲಿಯಲ್ಲಿ ಕುಳಿತ ಮೇಲೆಯೇ. ಬೆಳಗ್ಗೆ ರಸ ಹಿಂಡಿಟ್ಟು ಸಂಜೆ ಪಾಕ ಮಾಡುವ ತಲೆಕೆಳಗಾದ ಕ್ರಮವೇ ಅನೇಕ ಮನೆಗಳಲ್ಲಿ ಮಾಕ್‌ಟೇಲ್ ಕೆಡಲು ಮೊದಲ ಕಾರಣ.

ಹಂತ 1: ನೀರು ಮತ್ತು ಐಸ್

ಪಾಕಕ್ಕೂ ಐಸಿಗೂ ಬಳಸುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿರಬೇಕು. ಘನೀಭವಿಸಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ. ಕಾಮಾಲೆ ತರುವ ವೈರಸ್ಸು ಐಸಿನೊಳಗೂ ಉಳಿದು, ಕರಗಿದ ಮೇಲೆ ಲೋಟಕ್ಕೆ ಇಳಿಯುತ್ತದೆ. ಬಾವಿ ನೀರು ಕುಡಿಯುವ ನಮ್ಮ ಊರುಗಳಲ್ಲಿ ಕುಡಿಯುವ ನೀರನ್ನು ಜೀರಿಗೆ ಹಾಕಿ ಕುದಿಸುವವರೂ ಐಸಿನ ಟ್ರೇಗೆ ಮಾತ್ರ ನಲ್ಲಿಯಿಂದ ನೇರವಾಗಿ ಹಿಡಿಯುವುದುಂಟು. ಎಚ್ಚರ ತಪ್ಪುವುದು ಅಲ್ಲೇ. ಜೀರಿಗೆ ನೀರು ಐಸಿಗೆ ಬೇಡ, ಅದರ ಘಮ ನಿಂಬೆಯದನ್ನು ಮುಚ್ಚುತ್ತದೆ.

ಮಂಜೇಶ್ವರ, ಉಪ್ಪಳದ ಕಡೆ ಸಮುದ್ರಕ್ಕೆ ಹತ್ತಿರವಿರುವ ಕೆಲವು ಬಾವಿಗಳ ನೀರು ಬೇಸಿಗೆಯ ಕೊನೆಗೆ ಉಪ್ಪಾಗುತ್ತದೆ. ಮೊದಲು ನೀರಿನ ರುಚಿ ನೋಡಿ. ಸ್ವಲ್ಪ ಉಪ್ಪೆನಿಸಿದರೂ ಮಾಕ್‌ಟೇಲ್‌ಗೆ ಬೇರೆ ನೀರು ತರುವುದು ಮೇಲು. ಮೀನಿನ ಪೆಟ್ಟಿಗೆಗಳಿಗೆ ಹಾಕುವ ದೊಡ್ಡ ಗಡ್ಡೆ ಐಸನ್ನು, ಎಷ್ಟೇ ತುರ್ತಿದ್ದರೂ, ಕುಡಿಯುವ ಲೋಟಕ್ಕೆ ತರಬಾರದು. ಅದು ಕುಡಿಯುವ ನೀರಿನಿಂದ ಮಾಡಿದ್ದೆಂಬ ಖಾತ್ರಿ ಇರುವುದಿಲ್ಲ.

ಐಸಿನ ತುಂಡುಗಳು ದೊಡ್ಡದಾಗಿರಲಿ. ಸಣ್ಣ ಚೂರುಗಳು ಬೇಗ ಕರಗಿ ಪಾನೀಯವನ್ನು ನೀರಾಗಿಸುತ್ತವೆ. ಮೀನು, ಹಲಸಿನ ಸೊಳೆ, ಬೆಳ್ಳುಳ್ಳಿ ಅರೆದದ್ದು ಇರುವ ಫ್ರೀಜರಿನಲ್ಲಿ ತೆರೆದ ಟ್ರೇ ಇಟ್ಟರೆ ಐಸ್ ಆ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಆದ್ದರಿಂದ ಟ್ರೇಗೆ ಮುಚ್ಚಳವಿರಲಿ.

ಹಂತ 2: ಸೋಡಾವನ್ನು ತಣಿಸುವುದು

ಗ್ಯಾಸ್ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಉಷ್ಣತೆಯಿಂದ ನಿರ್ಧಾರವಾಗುತ್ತದೆ. ಸೋಡಾದ ಗ್ಯಾಸ್ ಎಂದರೆ ಇಂಗಾಲದ ಡೈಆಕ್ಸೈಡ್. ವಾತಾವರಣದ ಸಾಮಾನ್ಯ ಒತ್ತಡದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಲೀಟರ್ ನೀರು ಸುಮಾರು 1.7 ಲೀಟರ್‌ನಷ್ಟು ಈ ಅನಿಲವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ನೀರು 30 ಡಿಗ್ರಿಗೆ ಏರಿದರೆ ಹಿಡಿಯುವುದು ಸುಮಾರು 0.66 ಲೀಟರ್ ಮಾತ್ರ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಡಿಯಿಂದ ತಂದ ಬಾಟಲಿಯನ್ನು ನೇರವಾಗಿ ತೆರೆದು ಐಸಿನ ಮೇಲೆ ಸುರಿದರೆ ಗ್ಯಾಸ್ ನೊರೆಯಾಗಿ ಹಾರಿಹೋಗುವುದು ಇದಕ್ಕೇ. ಆಮೇಲೆ ಎಷ್ಟು ಐಸ್ ಹಾಕಿ ತಣಿಸಿದರೂ ಹೋದ ಗ್ಯಾಸ್ ಮರಳುವುದಿಲ್ಲ.

ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಕನಿಷ್ಠ 6 ಗಂಟೆ ನೆಟ್ಟಗೆ ನಿಲ್ಲಿಸಿಡಿ. ಫ್ರೀಜರಿನಲ್ಲಿ ಎಂದಿಗೂ ಇಡಬೇಡಿ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಒಳಗೆ ಗ್ಯಾಸಿನ ಒತ್ತಡವೂ ಇರುವ ಗಾಜಿನ ಬಾಟಲಿ ಆಗ ಸಿಡಿಯಬಹುದು. ಗೋಲಿ ಸೋಡಾ ಬಳಸುವವರು ಬಾಟಲಿಯ ಕುತ್ತಿಗೆಯನ್ನು ಮುಖದಿಂದ ದೂರ ಹಿಡಿದು ಗೋಲಿಯನ್ನು ಒತ್ತಬೇಕು, ಮತ್ತು ಬಾಟಲಿಯ ತಳದಲ್ಲಿ ಗಷ್ಟು ಕಂಡರೆ ಅದನ್ನು ಬಳಸದೆ ಹಿಂತಿರುಗಿಸಬೇಕು.

ಹಂತ 3: ಹಣ್ಣಿನ ಆಯ್ಕೆ

ಸಿಪ್ಪೆ ತೆಳ್ಳಗೆ, ನುಣುಪಾಗಿ, ಹಳದಿಗೆ ತಿರುಗುತ್ತಿರುವ, ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಹೆಚ್ಚು ತೂಕವೆನಿಸುವ ನಿಂಬೆಯನ್ನು ಆರಿಸಬೇಕು. ಸಾಧಾರಣ ಗಾತ್ರದ ಒಂದು ನಿಂಬೆಯಿಂದ 15ರಿಂದ 20 ಮಿ.ಲೀ. ರಸ ಸಿಗುತ್ತದೆ. ಗಟ್ಟಿಯಾದ ಕಡುಹಸಿರು ಕಾಯಿಗಳಲ್ಲಿ ರಸ ಕಡಿಮೆ, ಒಗರು ಹೆಚ್ಚು.

ಹಿತ್ತಲಿನಲ್ಲಿ ಗಜನಿಂಬೆ ಇರುವವರಿಗೆ ಪೇಟೆಯ ನಿಂಬೆ ಬೇಕಾಗಿಯೇ ಇಲ್ಲ. ಅದರ ಸಿಪ್ಪೆಯ ಪರಿಮಳ ಈ ಪಾನೀಯಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಹುಳಿ ಮರದಿಂದ ಮರಕ್ಕೆ ಬೇರೆಯಾಗುವುದರಿಂದ 20 ಮಿ.ಲೀ. ಎಂಬ ಅಳತೆಗೆ ಅಂಟಿಕೊಳ್ಳದೆ ರುಚಿ ನೋಡಿ ಹಾಕಬೇಕು. ಕಂಚಿಹುಳಿಯನ್ನು ಮಾತ್ರ ಗೊಜ್ಜಿಗೂ ಉಪ್ಪಿನಕಾಯಿಗೂ ಬಿಡಿ. ಅದರ ದಪ್ಪ ಸಿಪ್ಪೆಯ ಕಹಿ ಪಾಕಕ್ಕೆ ಇಳಿದರೆ ತೆಗೆಯಲು ಬರುವುದಿಲ್ಲ.

ಮೂಸಂಬಿ ಸಿಗದಿದ್ದರೆ ಕಿತ್ತಳೆ ಆಗುತ್ತದೆ. ಸಿಪ್ಪೆ ಸಡಿಲವಾಗಿರುವ ಕೊಡಗು ಅಥವಾ ನಾಗಪುರದ ಕಿತ್ತಳೆಯನ್ನು ಅಡ್ಡ ಕೊಯ್ದು ಹಿಂಡುವುದಕ್ಕಿಂತ ಸುಲಿದು, ತೊಳೆಗಳ ಬೀಜ ತೆಗೆದು, ಸೋಸುಕದ ಮೇಲೆ ಕೈಯಿಂದ ಮೆಲ್ಲಗೆ ಅಮುಕಿದರೆ ಕಹಿ ಬರುವುದಿಲ್ಲ. ಕಿತ್ತಳೆ ಮೂಸಂಬಿಗಿಂತ ಹುಳಿಯಾಗಿದ್ದರೆ ನಿಂಬೆಯನ್ನು 15 ಮಿ.ಲೀ.ಗೆ ಇಳಿಸಿ.

ಹಂತ 4: ಸಿಪ್ಪೆಯ ಘಮವಿರುವ ಪಾಕ

ಮಾಕ್‌ಟೇಲಿಗೂ ಬರಿಯ ನಿಂಬೆ ಶರಬತ್ತಿಗೂ ಇರುವ ವ್ಯತ್ಯಾಸವೆಲ್ಲ ಈ ಹಂತದಲ್ಲಿದೆ. ನಿಂಬೆಯ ಹುಳಿ ಇರುವುದು ರಸದಲ್ಲಿ, ಪರಿಮಳದ ಎಣ್ಣೆ ಇರುವುದು ಸಿಪ್ಪೆಯ ಹೊರಮೈಯ ಸಣ್ಣ ಗುಳ್ಳೆಗಳಲ್ಲಿ. ಅದರ ಕೆಳಗಿನ ಬಿಳಿಯ ಪದರದಲ್ಲಿರುವುದು ಕಹಿ. ಹೊರಮೈಯನ್ನು ಮಾತ್ರ ತೆಗೆದು, ಬಿಳಿಯನ್ನು ಹಣ್ಣಿಗೇ ಬಿಡುವುದು ಇಲ್ಲಿನ ಕೈಚಳಕ.

4 ನಿಂಬೆ ಮತ್ತು 1 ಮೂಸಂಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಪೇಟೆಯ ಹಣ್ಣಿನ ಮೇಲೆ ಮೇಣದ ಲೇಪವೂ ಔಷಧದ ಶೇಷವೂ ಇರಬಹುದು. ಒರೆಸಿ ಒಣಗಿಸಿ, ಪೀಲರಿನಿಂದ ತೆಳುವಾದ ಪಟ್ಟಿಗಳನ್ನು ತೆಗೆಯಿರಿ. ಪಟ್ಟಿಯ ಒಳಮೈಯಲ್ಲಿ ಬಿಳಿ ದಪ್ಪಗೆ ಕಂಡರೆ ಚಾಕುವಿನಿಂದ ಕೆರೆದುಬಿಡಿ. 200 ಗ್ರಾಂ ಸಕ್ಕರೆಗೆ ಈ ಪಟ್ಟಿಗಳನ್ನು ಹಾಕಿ, ಬೆರಳ ತುದಿಯಿಂದ ಎರಡು ಮೂರು ನಿಮಿಷ ತಿಕ್ಕಿ, ಮುಚ್ಚಿ 1ರಿಂದ 2 ಗಂಟೆ ಬಿಡಿ. ಸಕ್ಕರೆ ಎಣ್ಣೆಯನ್ನೂ ನೀರಿನಂಶವನ್ನೂ ಎಳೆದುಕೊಂಡು ಒದ್ದೆ ಮರಳಿನಂತಾಗುತ್ತದೆ. ಹಾಗಾಗದೆ ಒಣಗಿಯೇ ಉಳಿದರೆ ಹಣ್ಣು ಹಳೆಯದು ಅಥವಾ ತಿಕ್ಕಿದ್ದು ಸಾಲದು ಎಂದರ್ಥ.

ಅನಂತರ 200 ಮಿ.ಲೀ. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು ಸಕ್ಕರೆಯ ಮೇಲೆ ಸುರಿದು ಕರಗುವವರೆಗೆ ಕಲಕಿ, ಕೂಡಲೇ ಸೋಸಿ ಸಿಪ್ಪೆಯನ್ನು ತೆಗೆದುಬಿಡಿ. ಸುಮಾರು 320 ಮಿ.ಲೀ. ಪಾಕ ಸಿಗುತ್ತದೆ, ಅಂದರೆ 10 ಲೋಟಗಳಿಗೆ ಸಾಕು.

ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಸಿಪ್ಪೆಯ ಸಮೇತ ಪಾಕವನ್ನು ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳ ಹಬೆಯಾಗಿ ಅಡುಗೆಮನೆಯನ್ನು ತುಂಬುತ್ತದೆ, ಪಾಕದಲ್ಲಿ ಕಹಿ ಮಾತ್ರ ಉಳಿಯುತ್ತದೆ. ಎರಡನೆಯದು ಹೋಳಿಗೆ, ಉಂಡೆಗಳ ಅಭ್ಯಾಸದಿಂದ ಬಂದದ್ದು. ಪಾಕವೆಂದ ಕೂಡಲೇ ಕೈ ಒಂದೆಳೆ ಪಾಕಕ್ಕೆ ಹೋಗುತ್ತದೆ. ಎಳೆ ಬಂದ ಪಾಕ ತಣ್ಣಗಿನ ಸೋಡಾದಲ್ಲಿ ಬೆರೆಯದೆ ತಳಕ್ಕೆ ಇಳಿದು ಕೂರುತ್ತದೆ. ನಮಗೆ ಬೇಕಾದದ್ದು ಸಕ್ಕರೆ ಕರಗಿದ ನೀರು ಮಾತ್ರ. ಎರಡು ಬೆರಳ ನಡುವೆ ಹಿಡಿದರೆ ಅಂಟಬೇಕು, ಎಳೆ ಬರಬಾರದು.

ತಣಿದ ಪಾಕವನ್ನು ಕುದಿನೀರಿನಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಬಳಸಬಹುದು. ಮುಚ್ಚಳ ತೆರೆದಾಗ ಹುದುಗಿದ ವಾಸನೆ ಬಂದರೆ, ಗುಳ್ಳೆ ಎದ್ದರೆ, ಪಾಕ ಹೊಸದಾಗಿ ಕದಡಿದಂತೆ ಕಂಡರೆ ಚೆಲ್ಲಿಬಿಡಬೇಕು. ಸಿಪ್ಪೆ ತೆಗೆದ ಹಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಸಂಜೆ ರಸಕ್ಕೆ ಬಳಸಿ, ಇಲ್ಲವಾದರೆ ಅವು ಒಣಗಿ ಗಟ್ಟಿಯಾಗುತ್ತವೆ.

ಸಕ್ಕರೆಯ ಬದಲು ಜೋನಿಬೆಲ್ಲ ಹಾಕಬಹುದೇ ಎಂಬ ಪ್ರಶ್ನೆ ಸಹಜ. ಹಾಕಬಹುದು, ಆದರೆ ಬೆಲ್ಲದ ರುಚಿ ಮುಂದೆ ಬಂದು ಸಿಪ್ಪೆಯ ಪರಿಮಳ ಹಿಂದಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಬೆಲ್ಲದ ಪಾನಕ ಬೇರೆಯೇ ಒಂದು ಪಾನೀಯ, ಅದನ್ನು ಅದರ ಪಾಡಿಗೆ ಮಾಡುವುದು ಒಳ್ಳೆಯದು.

ಹಂತ 5: ಶುಂಠಿ, ಪುದೀನ, ಕಾಮಕಸ್ತೂರಿ

ಶುಂಠಿ ಹಾಕುವವರು ತುರಿದು ಹಿಂಡಿದ ರಸವನ್ನು ಹತ್ತು ನಿಮಿಷ ಅಲುಗಿಸದೆ ಇಡಬೇಕು. ತಳದಲ್ಲಿ ಬಿಳಿಯ ಹಿಟ್ಟು ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ, ಲೋಟಕ್ಕೆ ಅರ್ಧ ಚಿಕ್ಕ ಚಮಚದಂತೆ ತೆಗೆದುಕೊಳ್ಳಿ. ಪುದೀನವನ್ನು ಜಜ್ಜಬಾರದು. ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿದರೆ ಪರಿಮಳ ಹೊರಡುತ್ತದೆ, ಜಜ್ಜಿದರೆ ಸೊಪ್ಪಿನ ಹಸಿ ಕಹಿ ಹೊರಡುತ್ತದೆ. ಪುದೀನ ಸಿಗದ ಊರಿನಲ್ಲಿ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎರಡು ಗರಿಗಳನ್ನು ಬಿಸಿ ಪಾಕದಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಅದಕ್ಕಿಂತಲೂ ಚೆನ್ನ. ಖಾರ ಬಯಸುವವರು ಜೀರಿಗೆ ಮೆಣಸೊಂದನ್ನು ಸೀಳಿ ಕುಲುಕುವಾಗ ಹಾಕಿ, ಸೋಸುವಾಗ ತೆಗೆದುಬಿಡಲಿ.

ಕಾಮಕಸ್ತೂರಿ ಬೀಜ ಲೋಟಕ್ಕೆ ಅರ್ಧ ಚಿಕ್ಕ ಚಮಚ ಸಾಕು. ಅದನ್ನು ಧಾರಾಳ ನೀರಿನಲ್ಲಿ 15ರಿಂದ 20 ನಿಮಿಷ ನೆನೆಸಿ, ಪ್ರತಿ ಬೀಜದ ಸುತ್ತ ಪಾರದರ್ಶಕ ಲೋಳೆ ಪೂರ್ತಿ ಉಬ್ಬಿದ ಮೇಲೆಯೇ ಬಳಸಬೇಕು. ಒಣ ಬೀಜವನ್ನು ನೇರವಾಗಿ ಲೋಟಕ್ಕೆ ಉದುರಿಸಬಾರದು. ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಚಿಕ್ಕ ಮಕ್ಕಳ ಲೋಟಕ್ಕೆ ನೆನೆಸಿದ ಬೀಜವೂ ಬೇಡ.

ಹಂತ 6: ರಸ ಹಿಂಡುವುದು

ಕಹಿಯ ದೂರಿಗೆ ಉತ್ತರ ಇಲ್ಲಿದೆ. ಮೂಸಂಬಿಯ ಬೀಜಗಳಲ್ಲೂ ತೊಳೆಗಳ ಪೊರೆಯಲ್ಲೂ ರುಚಿಯೇ ಇಲ್ಲದ ಒಂದು ವಸ್ತು ಇರುತ್ತದೆ. ಹಣ್ಣು ಇಡಿಯಾಗಿರುವಾಗ ಅದು ತನ್ನ ಪಾಡಿಗಿರುತ್ತದೆ. ಪೊರೆ ಹರಿದು ಹುಳಿಯಾದ ರಸದ ಸಂಪರ್ಕಕ್ಕೆ ಬಂದ ಮೇಲೆ ಅದು ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುತ್ತದೆ. ಆದ್ದರಿಂದಲೇ ಹಿಂಡಿದ ಕೂಡಲೇ ಸಿಹಿಯಾಗಿದ್ದ ರಸ ಕೆಲವು ಗಂಟೆಗಳಲ್ಲಿ, ಯಾರೂ ಏನೂ ಬೆರೆಸದೆಯೇ, ಕಹಿಯಾಗುತ್ತದೆ. ಬಿಸಿ ಮಾಡಿದರೆ ಈ ಮಾರ್ಪಾಡು ಇನ್ನೂ ಬೇಗ. ಮೂಸಂಬಿಯನ್ನು ಸುಲಿದು ಬೀಜ, ಪೊರೆ ಸಮೇತ ಮಿಕ್ಸಿಗೆ ಹಾಕುವವರು ಈ ಕಹಿಯನ್ನು ತಾವೇ ಕೈಯಾರೆ ಅರೆದು ಸೇರಿಸುತ್ತಾರೆ.

ಹಣ್ಣುಗಳನ್ನು ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗಿಡಿ. ಮಣೆಯ ಮೇಲಿಟ್ಟು ಅಂಗೈಯಿಂದ ಅದುಮಿ ಉರುಳಿಸಿ, ಅಡ್ಡಕ್ಕೆ ಕೊಯ್ಯಿರಿ. ಮೂಸಂಬಿಯ ಬೀಜಗಳನ್ನು ಚಾಕುವಿನ ತುದಿಯಿಂದ ತೆಗೆದು, ಗುಮ್ಮಟದ ಹಿಂಡುಕದ ಮೇಲೆ ಮೆಲ್ಲಗೆ ಒತ್ತಿ ತಿರುಗಿಸಿ. ಬಿಳಿ ಪದರ ಹಿಂಡುಕಕ್ಕೆ ತಾಗಿ ಕೆರೆಯುವ ಸದ್ದು ಬಂತೆಂದರೆ ಅಲ್ಲಿಗೆ ನಿಲ್ಲಿಸಬೇಕು. ಕೊನೆಯ ಚಮಚ ರಸದ ಆಸೆಗೆ ಬಿದ್ದರೆ ಇಡೀ ಪಾತ್ರೆಯ ರುಚಿ ಹೋಗುತ್ತದೆ. ನಿಂಬೆಯನ್ನೂ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಿ, ತಿರುಚಿ ತಿರುಚಿ ಹಿಂಡಬೇಡಿ.

ಹಿಂಡಿದ ಕೂಡಲೇ ಸೋಸಿ. ನಾರು, ತಿರುಳು ರಸದಲ್ಲಿ ಉಳಿದಷ್ಟು ಹೊತ್ತೂ ಕಹಿಗೆ ಕಚ್ಚಾವಸ್ತು ಒದಗುತ್ತಲೇ ಇರುತ್ತದೆ. ತಿರುಳನ್ನು ಸೋಸುಕದ ಮೇಲೆ ಚಮಚದಿಂದ ಒತ್ತಿ ಇಳಿಸಬಾರದು. ಮೂಸಂಬಿ ರಸವನ್ನು ಅರ್ಧ ಗಂಟೆಯೊಳಗೆ ಬಳಸಿಬಿಡಬೇಕು. ನಿಂಬೆ ರಸ ಮುಚ್ಚಿ ತಣ್ಣಗಿಟ್ಟರೆ ಮೂರು ನಾಲ್ಕು ಗಂಟೆ ತಾಳಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಎಚ್ಚರಿಕೆಯೊಂದನ್ನು ಇಲ್ಲಿ ಹೇಳಲೇಬೇಕು. ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಸುಟ್ಟ ಗಾಯದಂತಹ ಗುಳ್ಳೆಗಳು ಏಳಬಹುದು. ಅವು ಕೂಡಲೇ ಕಾಣುವುದಿಲ್ಲ, ಒಂದೆರಡು ದಿನ ಕಳೆದು ಉರಿ, ಕೆಂಪು, ಗುಳ್ಳೆ ಕಾಣಿಸಿಕೊಂಡು, ಆಮೇಲೆ ವಾರಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತವೆ. ಹತ್ತಿಪ್ಪತ್ತು ನಿಂಬೆ ಹಿಂಡಿದ ಕೈಯನ್ನು ಬರಿಯ ನೀರಿನಲ್ಲಿ ತೊಳೆದು, ಅಂಗಳದಲ್ಲಿ ಒಣಗಿಸಿದ ಅಡಿಕೆ ಮಗುಚಲು ಹೋಗುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಸೋಪು ಹಚ್ಚಿ ಮೊಣಕೈಯವರೆಗೆ ತೊಳೆದ ಮೇಲೆಯೇ ಬಿಸಿಲಿಗೆ ಇಳಿಯಿರಿ, ಮಕ್ಕಳಿಂದ ಹಿಂಡಿಸಿದರೆ ಅವರ ಕೈಯನ್ನೂ ತೊಳೆಸಿ.

ಹಂತ 7: ಬೆರೆಸಿ ರುಚಿ ನೋಡುವುದು

ಅಳೆದ ನಿಂಬೆ ರಸ, ಮೂಸಂಬಿ ರಸ, ಪಾಕ, ಉಪ್ಪು, ಶುಂಠಿ ರಸ ಇಷ್ಟನ್ನು ಮೊದಲು ಬೆರೆಸಿ, ಉಪ್ಪು ಪೂರ್ತಿ ಕರಗುವವರೆಗೆ ಕಲಕಬೇಕು. ಉಪ್ಪು ಬರಿಯ ರುಚಿಗಲ್ಲ, ಕಹಿಯನ್ನು ನಾಲಗೆಗೆ ತಿಳಿಯದಂತೆ ತಗ್ಗಿಸುವ ಗುಣ ಅದಕ್ಕಿದೆ. ಚಿಟಿಕೆಗಿಂತ ಹೆಚ್ಚಾದರೆ ಅದು ಬೇರೆ ಪಾನೀಯವಾಗುತ್ತದೆ.

ಈ ಮಿಶ್ರಣವನ್ನು ನೇರವಾಗಿ ಕುಡಿದು ತೀರ್ಮಾನಿಸಬಾರದು. ಒಂದು ಚಮಚ ಮಿಶ್ರಣಕ್ಕೆ ಒಂದು ಚಮಚ ತಣ್ಣೀರು ಸೇರಿಸಿ ರುಚಿ ನೋಡಿ. ತಂಪಿನಲ್ಲಿ ಸಿಹಿ ಕಡಿಮೆಯೆನಿಸುತ್ತದೆ, ಸೋಡಾ ತಾನೂ ಸ್ವಲ್ಪ ಹುಳಿ ಸೇರಿಸುತ್ತದೆ. ಆದ್ದರಿಂದ ಈ ಹಂತದಲ್ಲಿ ರುಚಿ ಸಿಹಿಯ ಕಡೆಗೆ ಒಂದು ಕೂದಲಷ್ಟು ವಾಲಿರಬೇಕು. ಹೆಚ್ಚುಕಡಿಮೆ ಮಾಡುವುದಿದ್ದರೆ ಈಗಲೇ 5 ಮಿ.ಲೀ.ನಂತೆ ಮಾಡಿ ಮುಗಿಸಿ. ಸೋಡಾ ಸುರಿದ ಮೇಲೆ ತಿದ್ದಲು ಹೋದರೆ ಪ್ರತಿ ಸಲ ಕಲಕಿದಾಗಲೂ ಗ್ಯಾಸ್ ಹೋಗುತ್ತದೆ.

ಹಂತ 8: ಕುಲುಕುವುದು

ಸ್ಟೀಲ್ ಬಾಟಲಿಗೆ ಮಿಶ್ರಣವನ್ನೂ ನಾಲ್ಕೈದು ಐಸ್ ತುಂಡುಗಳನ್ನೂ ಹಾಕಿ, ಮುಚ್ಚಳ ಬಿಗಿದು, 10ರಿಂದ 12 ಸೆಕೆಂಡು ಜೋರಾಗಿ ಕುಲುಕಿ. ಬಾಟಲಿಯ ಹೊರಮೈಯಲ್ಲಿ ಬೆವರು ಮೂಡಿ, ಹಿಡಿಯಲು ಕೈ ಜೋಮುಗಟ್ಟುವಷ್ಟು ತಣ್ಣಗಾದರೆ ಸಾಕು. ಇಷ್ಟರಲ್ಲಿ ಸುಮಾರು 20ರಿಂದ 25 ಮಿ.ಲೀ. ಐಸ್ ನೀರಾಗಿ ಸೇರುತ್ತದೆ. ಅಳತೆಯಲ್ಲಿ ಆ ನೀರನ್ನು ಲೆಕ್ಕ ಹಿಡಿದೇ ಇಟ್ಟಿದ್ದೇವೆ. ಅರ್ಧ ನಿಮಿಷ ಕುಲುಕಿದರೆ ನೀರು ಹೆಚ್ಚಾಗುತ್ತದೆ.

ಸೋಡಾವನ್ನು ಬಾಟಲಿಯೊಳಗೆ ಹಾಕಿ ಕುಲುಕುವ ತಪ್ಪು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕೇರಳದ ಕುಲುಕ್ಕಿ ಸರ್ಬತ್ತು ಮಾಡುವವರು ಲೋಟದ ಬಾಯಿಗೆ ಲೋಟ ಇಟ್ಟು ರಭಸದಿಂದ ಕುಲುಕುವುದನ್ನು ಎಲ್ಲರೂ ನೋಡಿದ್ದಾರೆ. ಆದರೆ ಅದಕ್ಕೆ ಸಾಮಾನ್ಯವಾಗಿ ಹಾಕುವುದು ಸಾದಾ ನೀರು, ಆದ್ದರಿಂದ ಎಷ್ಟು ಕುಲುಕಿದರೂ ನಡೆಯುತ್ತದೆ. ಸೋಡಾ ಹಾಕಿ ಬಿಗಿಮುಚ್ಚಳದಲ್ಲಿ ಕುಲುಕಿದರೆ ಒಳಗೆ ಒತ್ತಡ ಏರಿ ಮುಚ್ಚಳ ಮುಖಕ್ಕೆ ಚಿಮ್ಮಬಹುದು.

ಹಂತ 9: ಸೋಡಾ ಸುರಿಯುವುದು

ಲೋಟವನ್ನು ಮೊದಲೇ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟಿರಬೇಕು. ಕಾಮಕಸ್ತೂರಿ ಹಾಕುವುದಿದ್ದರೆ ಅದು ತಳದಲ್ಲಿ ಮೊದಲು. ಅದರ ಮೇಲೆ ಹೊಸ ಐಸ್, ಅದರ ಮೇಲೆ ಕುಲುಕಿದ ಮಿಶ್ರಣವನ್ನು ಸೋಸಿ ಸುರಿಯುವುದು. ಕುಲುಕಿದ ಹಳೆಯ ಐಸನ್ನು ಲೋಟಕ್ಕೆ ಹಾಕಬಾರದು, ಅದು ಆಗಲೇ ಅರ್ಧ ಕರಗಿರುತ್ತದೆ.

ಈಗ ಲೋಟವನ್ನು ಸ್ವಲ್ಪ ವಾಲಿಸಿ, ಒಳಗೋಡೆಯ ಉದ್ದಕ್ಕೂ 100 ಮಿ.ಲೀ. ಸೋಡಾವನ್ನು ನಿಧಾನವಾಗಿ ಇಳಿಸಿ. ಮೇಲಿನಿಂದ ಎತ್ತಿ ಸುರಿಯುವುದು ಚಹಕ್ಕೆ ಸರಿ, ಸೋಡಾಕ್ಕೆ ಅಲ್ಲ. ಸುರಿದಾದ ಮೇಲೆ ಉದ್ದ ಚಮಚವನ್ನು ತಳದವರೆಗೆ ಇಳಿಸಿ ಒಮ್ಮೆ ಮೇಲಕ್ಕೆತ್ತಿ, ಅಷ್ಟೇ. ಸುತ್ತು ಹಾಕಿ ಕಲಕಬಾರದು. ಸೋಡಾ ಸುರಿದ ಮೇಲೆ ಉಪ್ಪನ್ನಾಗಲಿ ಸಕ್ಕರೆಯನ್ನಾಗಲಿ ಹಾಕಿದರೆ ಪ್ರತಿಯೊಂದು ಹರಳಿನ ಸುತ್ತಲೂ ಗ್ಯಾಸ್ ಗುಳ್ಳೆಗಟ್ಟಿ ನೊರೆಯಾಗಿ ಹೊರಗೆ ಉಕ್ಕುತ್ತದೆ. ನಾರು ತುಂಬಿದ ರಸವೂ, ಒರೆಸುವ ಬೈರಾಸಿನ ಎಳೆ ಅಂಟಿದ ಲೋಟವೂ ಇದೇ ಕೆಲಸ ಮಾಡುತ್ತವೆ. ಕಾಮಕಸ್ತೂರಿ ಹಾಕಿದ ಲೋಟದಲ್ಲಿ ಗ್ಯಾಸ್ ಬೇಗ ಇಳಿಯುವುದೂ ಇದರಿಂದಲೇ.

ಮೇಲೊಂದು ತೆಳುವಾದ ನಿಂಬೆ ಬಿಲ್ಲೆ, ತಟ್ಟಿದ ಪುದೀನದ ಎರಡೆಲೆ ಸಾಕು. ಬಿಲ್ಲೆಯನ್ನು ಪಾನೀಯದಲ್ಲಿ ಮುಳುಗಿಸದೆ ಅಂಚಿಗೆ ಸಿಕ್ಕಿಸಿ.

ಇಪ್ಪತ್ತು ಜನರಿಗೆ ಮಾಡುವಾಗ

ಪೂಜೆ, ಮನೆ ಒಕ್ಕಲಿನ ಸಮಾರಂಭಗಳಲ್ಲಿ ಒಂದೊಂದೇ ಲೋಟ ಕುಲುಕಲು ಸಾಧ್ಯವಿಲ್ಲ. ಆಗ ನಿಂಬೆ ರಸ 400 ಮಿ.ಲೀ., ಮೂಸಂಬಿ ರಸ 800 ಮಿ.ಲೀ., ಪಾಕ 600 ಮಿ.ಲೀ., ಉಪ್ಪು ಒಂದು ಚಿಕ್ಕ ಚಮಚಕ್ಕಿಂತ ಸ್ವಲ್ಪ ಕಡಿಮೆ ಇವನ್ನು ಸ್ಟೀಲ್ ಪಾತ್ರೆಯಲ್ಲಿ ಬೆರೆಸಿ. ಇಷ್ಟು ಪಾಕಕ್ಕೆ ಸುಮಾರು 375 ಗ್ರಾಂ ಸಕ್ಕರೆ, 375 ಮಿ.ಲೀ. ನೀರು ಬೇಕಾಗುತ್ತದೆ. ಸಿಪ್ಪೆಯೂ ಅದೇ ಲೆಕ್ಕದಲ್ಲಿ ಹೆಚ್ಚಲಿ. ನಿಂಬೆ 25ರಷ್ಟು, ಮೂಸಂಬಿ 12ರಿಂದ 14 ತಂದಿಟ್ಟುಕೊಳ್ಳಿ.

ಬಹುತೇಕರು ಮರೆಯುವ ಒಂದು ಸಂಗತಿ ಇಲ್ಲಿದೆ. ಕುಲುಕುವಾಗ ಐಸ್ ಕರಗಿ ಸೇರುತ್ತಿದ್ದ ನೀರು ಈ ಪಾತ್ರೆಗೆ ಸೇರುವುದಿಲ್ಲ. ಅದರ ಬದಲಿಗೆ 500 ಮಿ.ಲೀ. ತಣ್ಣೀರನ್ನು ನಾವೇ ಸೇರಿಸಬೇಕು, ಇಲ್ಲದಿದ್ದರೆ ಪ್ರತಿ ಲೋಟವೂ ಗಂಟಲು ಹಿಡಿಯುವಷ್ಟು ಗಾಢವಾಗುತ್ತದೆ. ಪಾತ್ರೆಯನ್ನು ಮುಚ್ಚಿ, ಐಸ್ ತುಂಬಿದ ದೊಡ್ಡ ಬೋಗುಣಿಯಲ್ಲಿಟ್ಟು ತಣಿಸಿ. ಐಸನ್ನು ಪಾತ್ರೆಯ ಒಳಗೆ ಹಾಕಬೇಡಿ. ಸೋಡಾ 2 ಲೀಟರ್ ಬೇಕು, ಅದನ್ನು ಪಾತ್ರೆಗೆ ಸುರಿಯದೆ ಲೋಟಕ್ಕೇ ಸುರಿಯಬೇಕು. ಪ್ರತಿ ಲೋಟಕ್ಕೆ ಐಸ್, ಸುಮಾರು 115 ಮಿ.ಲೀ. ಮಿಶ್ರಣ, ಆಮೇಲೆ ಸೋಡಾ. ಇಬ್ಬರು ನಿಂತು ಒಬ್ಬರು ಮಿಶ್ರಣ, ಇನ್ನೊಬ್ಬರು ಸೋಡಾ ಸುರಿದರೆ ಹಂತಿಯಲ್ಲಿ ಬಡಿಸಿದಷ್ಟೇ ಬೇಗ ಮುಗಿಯುತ್ತದೆ. ಮೂಸಂಬಿ ರಸವನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ, ಬಡಿಸುವ ಅರ್ಧ ಗಂಟೆಯೊಳಗೆ ಹಿಂಡಿ ಸೇರಿಸಿ.

ಪುನರ್ಪುಳಿಯ (ಕೋಕಂ) ಬಣ್ಣ ಬೇಕೆನ್ನುವವರು ಅದರ ಸಿಹಿ ಸಿರಪ್ಪನ್ನು ಲೋಟಕ್ಕೆ 10 ಮಿ.ಲೀ. ಹಾಕಿ, ನಿಂಬೆ ರಸವನ್ನೂ ಪಾಕವನ್ನೂ ತಲಾ 5ರಿಂದ 10 ಮಿ.ಲೀ. ಕಡಿಮೆ ಮಾಡಿ. ಪೇಟೆಯ ನನ್ನಾರಿ (ಸೊಗದೆ ಬೇರಿನ) ಸಿರಪ್ ಬಹಳ ಸಿಹಿ, ಅದನ್ನು ಹಾಕಿದರೆ ಪಾಕವನ್ನು ಅರ್ಧಕ್ಕೆ ಇಳಿಸಬೇಕು.

ಕೆಟ್ಟದ್ದರಲ್ಲಿ ಯಾವುದನ್ನು ತಿದ್ದಬಹುದು

ಹುಳಿ ಹೆಚ್ಚಾದರೆ ಪಾಕ, ಸಿಹಿ ಹೆಚ್ಚಾದರೆ ನಿಂಬೆ, ಇವು ಸೋಡಾಕ್ಕೆ ಮೊದಲು ತಿದ್ದಲು ಬರುವ ದೋಷಗಳು. ಗ್ಯಾಸ್ ಹೋದ ಲೋಟಕ್ಕೆ ಮತ್ತಷ್ಟು ಸೋಡಾ ಸುರಿದರೆ ರುಚಿ ತೆಳ್ಳಗಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಅದನ್ನು ಶರಬತ್ತೆಂದೇ ಕುಡಿಯುವುದು ಒಳ್ಳೆಯದು. ನಾಲಗೆಯ ಮೇಲೆ ನಿಧಾನವಾಗಿ ಏರಿ ಕೂರುವ ಕಹಿ ಬಂದಿದ್ದರೆ ಅದು ಲಿಮೋನಿನ್ನಿನದು. ಸಕ್ಕರೆಯಿಂದಲೂ ಉಪ್ಪಿನಿಂದಲೂ ಅದನ್ನು ಪೂರ್ತಿ ಮುಚ್ಚಲಾಗದು, ಆ ರಸವನ್ನು ಬಿಟ್ಟು ಹೊಸದಾಗಿ ಹಿಂಡಬೇಕು. ಬಾಯಿಗಿಟ್ಟ ಕೂಡಲೇ ಕಹಿ ತಿಳಿದರೆ ಸಿಪ್ಪೆಯ ಬಿಳಿ ಪಾಕಕ್ಕೆ ಇಳಿದಿರುವ ಸಂಭವ ಹೆಚ್ಚು, ಆಗ ರಸವನ್ನಲ್ಲ, ಪಾಕವನ್ನು ಬದಲಿಸಿ.

ಕುಡಿಯುವವರ ಬಗ್ಗೆ ಎಚ್ಚರ

30 ಮಿ.ಲೀ. ಪಾಕದಲ್ಲಿ ಸುಮಾರು 18 ಗ್ರಾಂ ಸಕ್ಕರೆ ಇರುತ್ತದೆ, ಮೂಸಂಬಿಯ ಸಿಹಿ ಅದಕ್ಕೆ ಹೊರತು. ಸಕ್ಕರೆ ಕಾಯಿಲೆಯಿರುವವರಿಗೆ ಹಣ್ಣಿನ ರಸವೆಂಬ ಕಾರಣಕ್ಕೆ ಒತ್ತಾಯ ಮಾಡಬಾರದು. ಅವರಿಗೆ ನಿಂಬೆ, ಉಪ್ಪು, ಶುಂಠಿ, ಸೋಡಾ ಮಾತ್ರ ಸೇರಿಸಿ ಬೇರೆ ಲೋಟ ಮಾಡಿಕೊಡಿ. ಎದೆಯುರಿ, ಹುಳಿತೇಗು ಇರುವವರಿಗೆ ಹುಳಿಯೂ ಗ್ಯಾಸೂ ಎರಡೂ ತೊಂದರೆ ಕೊಡುತ್ತವೆ. ಕುಡಿದ ಕೂಡಲೇ ಹಲ್ಲುಜ್ಜಬಾರದು. ಹುಳಿಯಿಂದ ಮೆದುವಾದ ಹಲ್ಲಿನ ಮೇಲ್ಪದರ ಸವೆಯುತ್ತದೆ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಬೇಕು.

ಮೂಸಂಬಿಯ ಬದಲು ಹಿತ್ತಲಿನ ಚಕ್ಕೋತದ ರಸ ಬಳಸುವವರು ಇನ್ನೊಂದನ್ನು ತಿಳಿದಿರಬೇಕು. ಚಕ್ಕೋತಕ್ಕೆ ಕೆಲವು ಔಷಧಗಳು ದೇಹದಲ್ಲಿ ಕರಗಿಹೋಗುವುದನ್ನು ತಡೆದು, ರಕ್ತದಲ್ಲಿ ಅವುಗಳ ಪ್ರಮಾಣವನ್ನು ಏರಿಸುವ ಗುಣವಿದೆ. ರಕ್ತದೊತ್ತಡಕ್ಕೆ, ಕೊಲೆಸ್ಟರಾಲಿಗೆ ಕೊಡುವ ಕೆಲವು ಮಾತ್ರೆಗಳೂ ಅವುಗಳಲ್ಲಿ ಸೇರಿವೆ. ಮನೆಯ ಹಿರಿಯರು ಇಂತಹ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಚಕ್ಕೋತದ ಲೋಟವನ್ನು ಅವರಿಗೆ ಕೊಡಬೇಡಿ, ಸಮಾರಂಭಗಳಲ್ಲಿ ಅದನ್ನು ಬಡಿಸುವುದಾದರೆ ಚಕ್ಕೋತ ಹಾಕಿದ್ದೇವೆಂದು ಮೊದಲೇ ಹೇಳಿಬಿಡಿ.